ದೀನತೆ ಅಂದರೆ ಕೀಳರಿಮೆಯೇ? ‘ದೇವರ ಮೇಲೆ ಭಾರ ಹಾಕುವುದು’ ದಿನನಿತ್ಯ ಹೇಗೆ?

ಪ್ರಶ್ನೆ | ವಾರ್ಡ್‌ಕೂಟ_ಸಾಗರ

ಎಲ್ಲರಿಗೂ ನಮಸ್ಕಾರ. ತಪಸ್ಸು ಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಪ್ರಾರ್ಥನೆಯ ಕಾಲ) ಆರು ವಾರಕ್ಕೆ ನಮ್ಮ ವಾರ್ಡಿನ ಪ್ರಾರ್ಥನಾಕೂಟದಲ್ಲಿ ದೀನತೆ ಮತ್ತು ದೇವರ ಮೇಲಿನ ಅವಲಂಬನೆ ಎಂಬ ವಿಷಯ ಗೊತ್ತುಮಾಡಿದ್ದಾರೆ. ಹನ್ನೆರಡು ಮನೆ, ವಾರಕ್ಕೊಂದು ಸಂಜೆ, ಒಂದು ಗಂಟೆ. ಬಹುಪಾಲು ಅಡಿಕೆ ತೋಟದವರು ಮತ್ತು ತೋಟದ ಕೆಲಸಕ್ಕೆ ಹೋಗುವವರು. ಪ್ರಸಂಗ ಇವರು ಬೇಕಾದಷ್ಟು ಕೇಳಿದ್ದಾರೆ. ಸೋಮವಾರ ಬೆಳಗ್ಗೆ ಎದ್ದು ಏನು ಮಾಡಬೇಕು ಎಂಬುದು ಕೈಗೆ ಸಿಗಬೇಕು.

ನನಗಿರುವ ತೊಡಕು ಹೀಗಿದೆ. ದೀನತೆ ಅಂದ ಕೂಡಲೇ ‘ನಾನು ಯಾತಕ್ಕೂ ಬಾರದವನು’ ಎಂದುಕೊಳ್ಳುವುದೇ ಭಕ್ತಿ ಎಂದು ಜನ ತಿಳಿಯುತ್ತಾರೆ. ಇನ್ನು ಅವಲಂಬನೆ ಅಂದರೆ ಕೂಟದಲ್ಲಿ ಎರಡು ಪಂಗಡ: ‘ದೇವರು ನೋಡಿಕೊಳ್ಳುತ್ತಾನೆ, ವಿಮೆ ಯಾಕೆ’ ಅನ್ನುವವರು, ‘ದುಡಿದರೆ ತಾನೇ ಅನ್ನ, ದೇವರು ಬಂದು ಔಷಧಿ ಹೊಡೀತಾನಾ’ ಅನ್ನುವವರು. ಇಬ್ಬರಿಗೂ ಸತ್ಯವೇದದಿಂದ ಏನು ಉತ್ತರ ಕೊಡಬೇಕು? ಚಿಂತೆಯನ್ನು ದೇವರ ಮೇಲೆ ಹಾಕುವುದು ಅಂತಾರಲ್ಲ, ಅದನ್ನು ಮಾಡುವ ಕ್ರಮ ಯಾವುದು? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1 | ಬಳ್ಳಿ_ಕೊಂಬೆ, ತೀರ್ಥಹಳ್ಳಿ

ಅಕ್ಕ, ನಮಸ್ಕಾರ. ಮೊದಲ ವಾರ ಬರೀ ಶಬ್ದದ ಸಿಕ್ಕು ಬಿಡಿಸಿ. ನಮ್ಮ ಮಾತಿನಲ್ಲಿ ‘ದೀನ’ ಅಂದರೆ ನೋಡಿದವರಿಗೆ ಅಯ್ಯೋ ಅನ್ನಿಸುವವನು. ‘ದೀನವಾಗಿ ಮುಖ ಮಾಡಿಕೊಂಡು ನಿಂತಿದ್ದ’ ಅಂತೀವಿ. ಸತ್ಯವೇದದ ಕನ್ನಡದಲ್ಲಿ ಅದೇ ಶಬ್ದ ದೊಡ್ಡ ಗುಣವಾಗಿ ಬರುತ್ತದೆ. ಗ್ರೀಕಿನಲ್ಲೂ ಇದೇ ತೊಡಕಿತ್ತು. ಫಿಲಿಪ್ಪಿ 2:3ರಲ್ಲಿ ಪೌಲ ಬಳಸಿದ ‘ತಪೆಯ್ನೊಫ್ರೊಸುನೆ’ ಎಂಬ ಶಬ್ದದ ಬೇರು ‘ತಪೆಯ್ನೊಸ್’, ಅಂದರೆ ತಗ್ಗಿನದು, ಕೆಳಗಿನದು. ಆ ಕಾಲದ ಗ್ರೀಕರಿಗೂ ರೋಮನರಿಗೂ ಅದು ಹೊಗಳಿಕೆಯ ಮಾತಾಗಿರಲಿಲ್ಲ, ಗುಲಾಮನ ಸ್ಥಿತಿಗೆ ಹೇಳುವ ಮಾತು. ಪೌಲ ಅದನ್ನೇ ಎತ್ತಿಕೊಂಡು, ಮುಂದಿನ ವಚನಗಳಲ್ಲಿ ಕ್ರಿಸ್ತನು ತನ್ನನ್ನು ತಗ್ಗಿಸಿಕೊಂಡನು ಎಂದು ಬರೆದ. ದೇವರಿಗೆ ಸಮಾನನಾದವನಿಗೆ ಕೀಳರಿಮೆ ಎಲ್ಲಿಂದ ಬರಬೇಕು?

ಇದಕ್ಕೆ ಕೂಟದಲ್ಲಿ ಓದಿಸಬೇಕಾದ ವಾಕ್ಯ ಯೋಹಾನ 13:3-5. ಅಲ್ಲಿ ಕ್ರಮ ನೋಡಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂದು ಯೇಸು ತಿಳಿದಿದ್ದನು ಎಂಬುದು ಮೊದಲು ಬರುತ್ತದೆ. ಊಟದಿಂದ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹೊಯ್ದನು ಎಂಬುದು ಆಮೇಲೆ. ತಾನು ಯಾರು ಎಂಬ ತಿಳಿವು ಗಟ್ಟಿಯಾಗಿದ್ದವನು ಬಗ್ಗಿ ಕಾಲು ತೊಳೆದ. ಕೀಳರಿಮೆ ಇರುವವನಿಗೆ ಬಗ್ಗುವುದು ಕಷ್ಟ. ಅವನು ಬಗ್ಗಿದರೂ ಯಾರು ನೋಡುತ್ತಿದ್ದಾರೆ ಎಂದು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾನೆ.

ಆದ್ದರಿಂದ ಕೀಳರಿಮೆಯೂ ಗರ್ವವೂ ಒಂದೇ ಗೂಟಕ್ಕೆ ಕಟ್ಟಿದ ದನಗಳು. ಎರಡೂ ದಿನವಿಡೀ ‘ನಾನು, ನಾನು’ ಎಂದೇ ಸುತ್ತುತ್ತವೆ. ರೋಮಾಪುರ 12:3 ತನ್ನ ಯೋಗ್ಯತೆಗೆ ಮೀರಿ ಭಾವಿಸಿಕೊಳ್ಳಬಾರದು ಎನ್ನುತ್ತದೆ, ಅದರ ಜೊತೆಗೇ ದೇವರು ಕೊಟ್ಟ ಅಳತೆಗೆ ತಕ್ಕಂತೆ ಭಾವಿಸಿಕೊಳ್ಳಲೂ ಹೇಳುತ್ತದೆ. ಅಳತೆಗಿಂತ ಹೆಚ್ಚು ಹೇಳಿದರೂ ಸುಳ್ಳು, ಕಡಿಮೆ ಹೇಳಿದರೂ ಸುಳ್ಳು. ಗಾನವೃಂದದಲ್ಲಿ ಒಳ್ಳೆಯ ಸ್ವರ ಇರುವವರು ‘ಅಯ್ಯೋ ನನಗೆಲ್ಲಿ ಹಾಡೋಕೆ ಬರುತ್ತೆ’ ಅಂದು ನಾಲ್ಕು ಸಲ ಕರೆಸಿಕೊಳ್ಳುತ್ತಾರಲ್ಲ, ಅದನ್ನು ದೀನತೆ ಅನ್ನಬೇಡಿ. ‘ಸ್ವರ ದೇವರು ಕೊಟ್ಟಿದ್ದು, ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಲಿ?’ ಅನ್ನುವುದು ದೀನತೆ. ಆವಿಲಾದ ಸಂತ ತೆರೇಸಾ 16ನೇ ಶತಮಾನದಲ್ಲೇ ಇದನ್ನು ಹೇಳಿಟ್ಟಿದ್ದಾರೆ: ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು. 1 ಕೊರಿಂಥ 4:7 ಕೇಳುವ ಪ್ರಶ್ನೆಯೂ ಅದೇ: ಪಡೆಯದೇ ಬಂದದ್ದು ನಿನ್ನಲ್ಲಿ ಏನಿದೆ?

ಈಗ ನಿಮ್ಮ ಕೊನೆಯ ಪ್ರಶ್ನೆ. ಇಡೀ ವಿಷಯದ ಕೀಲಿ 1 ಪೇತ್ರ 5:6-7. ಕನ್ನಡದಲ್ಲಿ ಓದಿದರೆ ಎರಡು ಆಜ್ಞೆಗಳಂತೆ ಕೇಳುತ್ತದೆ: ದೇವರ ಕೈಕೆಳಗೆ ತಗ್ಗಿಸಿಕೊಳ್ಳಿರಿ, ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ. ಗ್ರೀಕಿನಲ್ಲಿ ಆಜ್ಞೆ ಒಂದೇ, ‘ತಗ್ಗಿಸಿಕೊಳ್ಳಿರಿ’. ಇನ್ನೊಂದು ನಮ್ಮ ‘ಹಾಕಿ’ ಎಂಬ ಕೃದಂತದ ಹಾಗೆ ಅದಕ್ಕೆ ಜೋತುಕೊಂಡಿದೆ. ‘ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ತಗ್ಗಿಸಿಕೊಳ್ಳಿರಿ’ ಎಂದು ಓದಿಕೊಳ್ಳಬಹುದು. ಅಂದರೆ ಚಿಂತೆ ಇಳಿಸುವುದೇ ತಗ್ಗುವ ಬಗೆ. ಚಿಂತೆಯನ್ನು ಬಿಡದೆ ಹಿಡಿದುಕೊಂಡಿರುವುದರಲ್ಲಿ ‘ನಾನು ಹಿಡಿಯದಿದ್ದರೆ ಎಲ್ಲ ಬಿದ್ದುಹೋಗುತ್ತದೆ’ ಎಂಬ ಗರ್ವ ಅಡಗಿದೆ. ಇದು ಕೂಟದಲ್ಲಿ ತುಂಬ ಜನಕ್ಕೆ ಹೊಸದಾಗಿ ಕೇಳುತ್ತದೆ, ನಿಧಾನವಾಗಿ ಹೇಳಿ.

ಆ ‘ಹಾಕು’ ಎಂಬ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಲೂಕ 19:35ರಲ್ಲಿ. ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರು ಎನ್ನುವಲ್ಲಿ. ಹೆಗಲ ಮೇಲಿನ ಕಂಬಳಿ ತೆಗೆದು ಪ್ರಾಣಿಯ ಬೆನ್ನಿಗೆ ಎಸೆದ ಮೇಲೆ ಅದು ನಿಮ್ಮ ಹೆಗಲ ಮೇಲೆ ಇರುವುದಿಲ್ಲ ತಾನೇ?

ಮಾಡುವ ಕ್ರಮ ಹೀಗಿಟ್ಟುಕೊಳ್ಳಿ. ರಾತ್ರಿ ಊಟದ ನಂತರ ಹತ್ತು ನಿಮಿಷ ಸಾಕು. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ‘ನಾನು ಮಾಡಬೇಕಾದ್ದು’, ಬಲಕ್ಕೆ ‘ನನ್ನ ಕೈಯಲ್ಲಿಲ್ಲದ್ದು’ ಎಂದು ಬರೆಯಿರಿ. ಮಗಳ ಪಿಯು ಪರೀಕ್ಷೆ ಅಂದರೆ ಎಡಕ್ಕೆ ಫೀಸು ಕಟ್ಟುವುದು, ಅವಳು ಓದುವ ಹೊತ್ತಿಗೆ ಟಿವಿ ಆರಿಸುವುದು. ಬಲಕ್ಕೆ ಪ್ರಶ್ನೆಪತ್ರಿಕೆ, ಅಂಕ, ಮುಂದಿನ ಸೀಟು. ಬಲಗಡೆಯ ಒಂದೊಂದನ್ನೂ ಒಂದೇ ವಾಕ್ಯದಲ್ಲಿ ಹೆಸರು ಹಿಡಿದು ದೇವರಿಗೆ ಒಪ್ಪಿಸಿ. ಫಿಲಿಪ್ಪಿ 4:6 ಹೇಳುವಂತೆ ಆ ದಿನದ ಯಾವುದಾದರೂ ಒಂದಕ್ಕೆ ಕೃತಜ್ಞತೆ ಹೇಳಿ. ಎಡಗಡೆಯಲ್ಲಿ ನಾಳೆ ಮೊದಲು ಮಾಡುವುದಕ್ಕೆ ಒಂದು ಗುರುತು ಹಾಕಿ ಏಳಿ.

ಕೆಡುವುದು ಎಲ್ಲಿ ಅಂದರೆ ಒಪ್ಪಿಸುವ ಕಡೆ. ಅದೇ ಕಷ್ಟವನ್ನು ಇಪ್ಪತ್ತು ನಿಮಿಷ ಬಣ್ಣಿಸಿ ಹೇಳಿದರೆ ದೇವರ ಎದುರಿಗೆ ಕೂತು ಚಿಂತೆ ಮಾಡಿದ ಹಾಗಾಯಿತು, ಪ್ರಾರ್ಥನೆ ಆಗಲಿಲ್ಲ. ಏಳುವಾಗ ಹೊರೆ ಇನ್ನೂ ಭಾರವಾಗಿರುತ್ತದೆ. ಒಂದು ವಾಕ್ಯ, ಅಷ್ಟೇ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅದೇ ಚಿಂತೆ ಮರಳಿ ಬಂದರೆ ಲೆಕ್ಕ ಹಾಕಲು ಕೂರಬೇಡಿ. ಕೀರ್ತನೆ 131 ಬಾಯಿಪಾಠ ಮಾಡಿಸಿ, ಮೂರೇ ವಚನ. ಅಲ್ಲಿರುವುದು ಮೊಲೆ ಬಿಟ್ಟ ಕೂಸು. ಮೊಲೆ ಕುಡಿಯುವ ಕೂಸು ಮಡಿಲಿಗೆ ಬಂದರೆ ಹಾಲಿಗಾಗಿ ತಡಕಾಡುತ್ತದೆ, ಸಿಗದಿದ್ದರೆ ಅಳುತ್ತದೆ. ಮೊಲೆ ಬಿಟ್ಟದ್ದು ಅಮ್ಮ ಸಿಕ್ಕಿದಳು ಎಂಬಷ್ಟಕ್ಕೆ ಸುಮ್ಮನಾಗುತ್ತದೆ.

ಇನ್ನೊಂದು, ತೋಟದವರಿಗೆ ಚೆನ್ನಾಗಿ ಹಿಡಿಸುವ ವಿಷಯ. ಯೋಹಾನ 15:5, ‘ನಾನು ದ್ರಾಕ್ಷಿಯ ಬಳ್ಳಿ, ನೀವು ಕೊಂಬೆಗಳು’, ‘ನನ್ನನ್ನು ಬಿಟ್ಟು ನೀವು ಏನೂ ಮಾಡಲಾರಿರಿ’. ದ್ರಾಕ್ಷಿ ನಮ್ಮಲ್ಲಿ ಇಲ್ಲ, ಆದರೆ ಕಾಳುಮೆಣಸಿನ ಬಳ್ಳಿ ಎಲ್ಲರ ತೋಟದಲ್ಲೂ ಇದೆ. ಮೆಣಸು ಅಡಿಕೆ ಮರಕ್ಕೆ ಹಬ್ಬುತ್ತದೆ. ಗೆಣ್ಣುಗೆಣ್ಣಿನಲ್ಲಿ ಬರುವ ಬೇರು ಮರವನ್ನು ಕಚ್ಚಿ ಹಿಡಿಯುತ್ತದೆಯೇ ಹೊರತು ಅದರಿಂದ ರಸ ಎಳೆಯುವುದಿಲ್ಲ. ಅದರ ಊಟ ಅದರದೇ ಬುಡದಿಂದ. ನಮ್ಮಲ್ಲಿ ಬಹಳ ಜನ ದೇವರನ್ನು ಹಿಡಿದಿರುವುದು ಹೀಗೆ: ಮೇಲೆ ಹತ್ತಲು ಒಂದು ಆಸರೆ, ಗಾಳಿಗೆ ಬೀಳದ ಹಾಗೆ. ಯೇಸು ಹೇಳಿದ್ದು ಇದಲ್ಲ. ಕೊಂಬೆಗೆ ಬೇರೆ ಬುಡವೇ ಇಲ್ಲ, ಬಳ್ಳಿಯ ರಸವೇ ಅದರ ಜೀವ. ಕಡಿದ ಕೊಂಬೆಯ ಎಲೆ ಒಂದೆರಡು ದಿನ ಹಸಿರಾಗೇ ಇರುತ್ತದೆ ಎಂಬುದನ್ನೂ ಹೇಳಿ. ಪ್ರಾರ್ಥನೆ ಬಿಟ್ಟ ಮೊದಲ ವಾರ ಏನೂ ಆಗದಂತೆ ಕಾಣುವುದು ಅದಕ್ಕೇ.

ಉತ್ತರ 2 | ನೆಹೆಮೀಯ_4_9, ಹೊಸನಗರ

ಬಳ್ಳಿ_ಕೊಂಬೆ ಅಣ್ಣ, ಪೇತ್ರನ ವಾಕ್ಯ ಬಿಡಿಸಿದ್ದು ಬಹಳ ಉಪಯೋಗ. ಆದರೆ ಎರಡು ಪಟ್ಟಿಯ ಹಾಳೆಯಲ್ಲಿ ಒಂದು ಅಪಾಯ ಇದೆ. ಎಡಗಡೆ ನನ್ನದು, ಬಲಗಡೆ ದೇವರದು ಎಂದು ಜನ ಗಡಿ ಹಾಕಿಬಿಡುತ್ತಾರೆ. ಧರ್ಮೋಪದೇಶಕಾಂಡ 8:17-18 ಎಚ್ಚರಿಸುವುದು ಅದನ್ನೇ. ‘ನನ್ನ ಸಾಮರ್ಥ್ಯ, ನನ್ನ ತೋಳಿನ ಬಲದಿಂದ ಈ ಆಸ್ತಿ ಆಯಿತು’ ಅನ್ನಬೇಡ, ಸಂಪಾದಿಸುವ ಶಕ್ತಿ ಕೊಟ್ಟವನೇ ಆತನು ಎಂದು. ಎಡಗಡೆಯ ಪಟ್ಟಿ ಹಿಡಿದು ‘ಇದನ್ನು ಮಾಡಲು ಬಲ ಕೊಡು’ ಎಂದು ಕೇಳುವುದನ್ನೂ ಸೇರಿಸಿ.

ಎರಡು ಪಂಗಡಕ್ಕೆ ಉತ್ತರ ನನ್ನ ಹೆಸರಿನಲ್ಲೇ ಇದೆ. ನೆಹೆಮೀಯ 4:9ರಲ್ಲಿ, ವೈರಿಗಳ ಬೆದರಿಕೆಯ ನಡುವೆ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ಜನ ದೇವರಿಗೆ ಪ್ರಾರ್ಥಿಸಿದರು, ಹಗಲಿರುಳು ಕಾವಲೂ ಇಟ್ಟರು. ಒಂದೇ ವಾಕ್ಯದಲ್ಲಿ ಎರಡೂ. ನಮ್ಮ ಕಡೆ ಇದನ್ನು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗದ ಮೇಲಿಟ್ಟು ಹೇಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಹರಿತ ಚಾಕು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕಂದು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನದ ಮೇಲೆ ಇನ್ನೊಂದು ಸಲ. ಇಷ್ಟು ಮಾಡುವುದು ಅವಿಶ್ವಾಸವಲ್ಲ, ಕೊಟ್ಟ ತೋಟಕ್ಕೆ ತೋರುವ ಮರ್ಯಾದೆ. ಆಮೇಲೆ ಎರಡನೇ ಔಷಧಿಯ ಹೊತ್ತಿಗೆ ಮಳೆ ಒಂದು ದಿನವೂ ಬಿಡುವು ಕೊಡದಿದ್ದರೆ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗೆ ಯಾವ ಚಾಕು ಪರೀಕ್ಷೆಯೂ ಇಲ್ಲ. ಅಲ್ಲಿಂದ ಮುಂದೆ ಬಲಗಡೆಯ ಪಟ್ಟಿ.

ಧರ್ಮೋಪದೇಶಕಾಂಡ 11:10-11 ಕೂಡ ಓದಿಸಿ. ಐಗುಪ್ತದಲ್ಲಿ ಕಾಲಿನಿಂದ ನೀರು ಹಾಯಿಸಿ ಬೆಳೆಯುತ್ತಿದ್ದಿರಿ, ಈಗ ಹೋಗುವ ದೇಶ ಬೆಟ್ಟ ಕಣಿವೆಗಳದು, ಆಕಾಶದ ಮಳೆ ಕುಡಿಯುವಂಥದು ಎನ್ನುತ್ತದೆ. ಮಲೆನಾಡಿನವರಿಗೆ ಅರ್ಥ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ದೇವರು ಅವರನ್ನು ಅವಲಂಬನೆಯ ಭೂಮಿಗೆ ಬೇಕೆಂದೇ ಕರೆದುಕೊಂಡು ಬಂದ.

ವಿಮೆ ವಿಷಯಕ್ಕೆ ಆದಿಕಾಂಡ 41:34. ಯೋಸೇಫ ಏಳು ಸುಭಿಕ್ಷದ ವರ್ಷ ಬೆಳೆಯ ಐದನೇ ಒಂದು ಪಾಲು ಕೂಡಿಡಿಸಿದ. ಲೂಕ 12ರ ಹುಚ್ಚು ಧನವಂತನೂ ಕಣಜ ಕಟ್ಟಿದ. ವ್ಯತ್ಯಾಸ ಎಲ್ಲಿ? ಧನವಂತನ ಮಾತಿನಲ್ಲಿ ‘ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ’ ಎಷ್ಟು ಸಲ ಬರುತ್ತದೆ ಎಂದು ಕೂಟದಲ್ಲಿ ಎಣಿಸಿ. ಅವನು ಪೂರ್ತಿ ತನ್ನೊಡನೆಯೇ ಮಾತಾಡಿಕೊಳ್ಳುತ್ತಾನೆ, ದೇವರೊಡನೆ ಒಂದು ಮಾತಿಲ್ಲ, ನೆರೆಯವನ ನೆನಪೂ ಇಲ್ಲ. ಯೋಸೇಫ ಕೂಡಿಟ್ಟಿದ್ದು ಬರಗಾಲದಲ್ಲಿ ಊರಿಗೆ ಊಟ ಹಾಕಲು.

ವಿಶ್ವಾಸದ ಹೆಸರಿನಲ್ಲಿ ದೇವರನ್ನು ಪರೀಕ್ಷಿಸುವುದು ಬೇರೆ, ಅದನ್ನು ಮತ್ತಾಯ 4:7 ತಡೆಯುತ್ತದೆ. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಕಂಡುಕೊಂಡಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ, ಮೈ ಮುಚ್ಚುವ ಬಟ್ಟೆ ಹಾಕದೆ, ‘ದೇವರು ಕಾಯ್ತಾನೆ’ ಎಂದು ಉಣುಗು ಇರುವ ಕಾಡಿಗೆ ತರಗೆಲೆ ತರಲು ಹೋಗುವುದು ದೇವಾಲಯದ ಶಿಖರದಿಂದ ಧುಮುಕು ಎಂದ ಸೈತಾನನ ಮಾತು ಕೇಳಿದಂತೆ.

ಕೊನೆಗೆ ಒಂದು, ಇದು ನನಗೆ ಬಹಳ ಮುಖ್ಯ. ‘ದೇವರ ಚಿತ್ತವಾದರೆ’ ಎಂಬ ಮಾತು ಯಾಕೋಬ 4:15ರದು. ಇದನ್ನು ಕೆಲಸದವರ ಕೂಲಿ ತಡ ಮಾಡಲು ಬಳಸುವುದನ್ನು ಕಾಣುತ್ತೇವೆ: ‘ದೇವರ ಚಿತ್ತವಾದರೆ ಶನಿವಾರ ಕೊಡ್ತೀನಿ’. ಅದೇ ಯಾಕೋಬ ಕೆಲವೇ ವಚನ ಮುಂದೆ, 5:4ರಲ್ಲಿ, ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಓದಿಸಿ. ದೇವರನ್ನು ಅವಲಂಬಿಸಿದ್ದೇನೆ ಅನ್ನುವ ತೋಟದ ಯಜಮಾನ, ಅರವತ್ತಡಿ ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ಇಳಿಸುವ ಕೊನೆಗಾರನ ಮೇಲೂ ಅವಲಂಬಿಸಿದ್ದಾನೆ. ಆತನನ್ನು ಯಾವ ಸ್ವರದಲ್ಲಿ ಮಾತಾಡಿಸುತ್ತಾನೆ ಎಂಬುದರಲ್ಲಿ ದೀನತೆಯ ಅರ್ಧ ಲೆಕ್ಕ ಸಿಗುತ್ತದೆ.

ಉತ್ತರ 3 | ಶುಶ್ರೂಷಕಿ, ಶಿವಮೊಗ್ಗ

ಕೂಟ ನಡೆಸುವವರು ತಪ್ಪದೆ ಹೇಳಬೇಕಾದ ಎರಡು ಎಚ್ಚರಿಕೆ.

ಮಾತ್ರೆ ನಿಲ್ಲಿಸುವುದು ಅವಲಂಬನೆ ಅಲ್ಲ. ಯೆಶಾಯ 38ರಲ್ಲಿ ಕಾಯಿಲೆ ಬಿದ್ದ ಅರಸ ಹಿಜ್ಕೀಯನಿಗೆ ದೇವರು 15 ವರ್ಷ ಆಯುಸ್ಸು ಕೂಡಿಸಿದ ಮೇಲೂ, 21ನೇ ವಚನದಲ್ಲಿ ಹುಣ್ಣಿಗೆ ಅಂಜೂರದ ಲೇಪ ಹಚ್ಚಿಸಿದರು. ಮಾತು ಕೊಟ್ಟವನೂ ದೇವರೇ, ಲೇಪವೂ ಆತನ ಪ್ರವಾದಿಯ ಬಾಯಿಂದಲೇ ಬಂತು. ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಮಾನಸಿಕ ಕಾಯಿಲೆ, ಯಾವುದರ ಮಾತ್ರೆಯನ್ನೂ ಉಪವಾಸ ಪ್ರಾರ್ಥನೆಯ ಹೆಸರಲ್ಲಿ ತಾವಾಗಿ ನಿಲ್ಲಿಸಬಾರದು. ಫಿಟ್ಸ್ ಮಾತ್ರೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರಳಿ ಬರುತ್ತದೆ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಕಥೋಲಿಕ ಕ್ರಮದಲ್ಲಿ ಉಪವಾಸ ಕಡ್ಡಾಯ ಇರುವುದೇ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18ರಿಂದ 59 ವಯಸ್ಸಿನವರಿಗೆ. ಒಂದು ಹೊತ್ತು ಪೂರ್ತಿ ಊಟ, ಎರಡು ಹೊತ್ತು ಅಲ್ಪಾಹಾರ. ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿ ಇದೆ. ‘ನನ್ನ ದೇಹಕ್ಕೆ ಇಷ್ಟೇ ತಾಳಿಕೆ’ ಎಂದು ಒಪ್ಪಿಕೊಂಡು ವಿನಾಯಿತಿ ಪಡೆಯುವುದೂ ದೀನತೆಯೇ.

ಎರಡನೆಯದು ಇನ್ನೂ ಸೂಕ್ಷ್ಮ. ಗಂಡ ಹೊಡೆಯುವ ಮನೆಯ ಹೆಂಗಸು ಈ ಕೂಟದಲ್ಲಿ ಕೂತಿರಬಹುದು. ‘ತಗ್ಗಿಸಿಕೋ, ಸಹಿಸಿಕೋ’ ಎಂಬ ಪಾಠ ಆಕೆಯ ಕಿವಿಗೆ ಹೇಗೆ ಬೀಳುತ್ತದೆ ಎಂದು ಯೋಚಿಸಿ. ಯೋಹಾನ 18:23ರಲ್ಲಿ ಕಪಾಳಕ್ಕೆ ಹೊಡೆದವನನ್ನು ಯೇಸು ‘ನನ್ನನ್ನು ಯಾಕೆ ಹೊಡೆಯುತ್ತೀ?’ ಎಂದು ಕೇಳಿದನು. ಪೌಲ ಚಾವಟಿ ಬೀಳುವ ಮುಂಚೆ ತನ್ನ ರೋಮನ್ ಹಕ್ಕು ಮುಂದಿಟ್ಟ, ಅಪೊಸ್ತಲರ ಕೃತ್ಯಗಳು 22:25. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆಸಿದ ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ, 16:37. ಭೂಮಿಯ ಮೇಲೆ ಎಲ್ಲರಿಗಿಂತ ಸಾತ್ವಿಕ ಎಂದು ಅರಣ್ಯಕಾಂಡ 12:3 ಹೇಳುವ ಮೋಶೆಯೇ ಫರೋಹನ ಎದುರು ನಿಂತವನು. ಅನ್ಯಾಯಕ್ಕೆ ಬಾಯಿ ಮುಚ್ಚುವುದನ್ನು ಸತ್ಯವೇದ ದೀನತೆ ಎಂದು ಕರೆದಿಲ್ಲ. ಕೂಟದಲ್ಲಿ ಯಾರನ್ನೂ ಗುರಿಮಾಡದೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಎರಡೂ ಸಂಖ್ಯೆ ಹೇಳಿಬಿಡಿ. ಯಾರಿಗೆ ಬೇಕೋ ಅವರು ಬರೆದುಕೊಳ್ಳುತ್ತಾರೆ.

ವಾರ್ಡ್‌ಕೂಟ_ಸಾಗರ

ಮೂವರಿಗೂ ತುಂಬ ಧನ್ಯವಾದ. ಕೂಲಿಯ ವಿಷಯ ಮತ್ತು ಶುಶ್ರೂಷಕಿ ಅಕ್ಕನ ಎಚ್ಚರಿಕೆ ಎರಡನ್ನೂ ಖಂಡಿತ ಸೇರಿಸುತ್ತೇನೆ. ಇನ್ನೆರಡು ಉಳಿದಿದೆ. ಪ್ರಾರ್ಥಿಸಿಯೂ ಬದಲಾಗದ ಕಷ್ಟಕ್ಕೆ ಏನು ಹೇಳುವುದು? ಆರು ವಾರದಲ್ಲಿ ಕೇಳುವುದರ ಜೊತೆ ಕೈಯಾರೆ ಮಾಡುವಂಥದ್ದು ಏನಾದರೂ ಇದೆಯೇ? ಪವಿತ್ರ ಗುರುವಾರದ ಹಾಗೆ ಕೂಟದಲ್ಲಿ ಕಾಲು ತೊಳೆಯುವುದು ಸರಿಯೇ?

ಉತ್ತರ 4 | ಒಡಂಬಡಿಕೆ, ಭದ್ರಾವತಿ

ಸಹೋದರಿ, ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಕಡೆಯವನು, ಆದರೂ ಈ ವಿಷಯದಲ್ಲಿ ನಮಗೂ ನಿಮಗೂ ಗೋಡೆ ಇಲ್ಲ.

ಬದಲಾಗದ ಕಷ್ಟಕ್ಕೆ 2 ಕೊರಿಂಥ 12:7-10. ಶರೀರದಲ್ಲಿನ ಮುಳ್ಳನ್ನು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’. ಆ ಮುಳ್ಳು ಯಾವುದೆಂದು ಅಲ್ಲಿ ಬರೆದಿಲ್ಲ, ಹಾಗಾಗಿ ಯಾರ ಮುಳ್ಳಿಗೂ ಆ ವಾಕ್ಯ ಹೊಂದುತ್ತದೆ. ‘ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ಗುಣವಾಗಲಿಲ್ಲ’ ಎಂದು ಕೂಟದಲ್ಲಿ ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಪೌಲನಿಗೆ ವಿಶ್ವಾಸ ಸಾಲದೆ ಮುಳ್ಳು ಉಳಿದಿತ್ತೇ?

ನಮ್ಮಲ್ಲಿ ಒಡಂಬಡಿಕೆ ಆರಾಧನೆ ಎಂದಿದೆ. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ್ದು. 19ನೇ ಶತಮಾನದಲ್ಲಿ ವೆಸ್ಲಿಯನ್ ಮಿಷನರಿಗಳು ಶಿವಮೊಗ್ಗದಲ್ಲೂ ಕೆಲಸ ಮಾಡಿದವರಾದ್ದರಿಂದ ನಮ್ಮ ಕಡೆಯ ಹಿರಿಯರಿಗೆ ಇದರ ಬಳಕೆ ಇದೆ. ಅದರ ಪ್ರಾರ್ಥನೆಯ ತಿರುಳು: ನಾನು ಇನ್ನು ನನ್ನವನಲ್ಲ, ನಿನ್ನವನು, ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ, ತುಂಬಿಸಿದರೂ ಸರಿ, ಬರಿದು ಮಾಡಿದರೂ ಸರಿ. ‘ಪಕ್ಕಕ್ಕೆ ಇಟ್ಟರೂ’ ಎಂಬಲ್ಲಿ ಜನ ತಡವರಿಸುತ್ತಾರೆ. ದೇವರಿಗಾಗಿ ಓಡಾಡಿ ದುಡಿಯಲು ಎಲ್ಲರೂ ತಯಾರು. ಮಂಡಿ ನೋವಾಗಿ ಮನೆಯಲ್ಲಿ ಕೂತು, ಬೇರೆಯವರು ತನ್ನ ಕೆಲಸ ಮಾಡುವುದನ್ನು ನೋಡುವುದು ಕಷ್ಟ. ವಯಸ್ಸಾದವರಿಗೆ ಈ ಒಂದು ಸಾಲನ್ನು ವಾರವಿಡೀ ಧ್ಯಾನಿಸಲು ಕೊಡಿ.

ಕೈಯಾರೆ ಮಾಡುವುದಕ್ಕೆ ಮೂರನೇ ವಾರವನ್ನು ಬೇಡುವ ವಾರ ಎಂದು ಇಟ್ಟುಕೊಳ್ಳಿ. ಮತ್ತಾಯ 5:3ರಲ್ಲಿ ‘ಬಡವರು’ ಎಂಬುದಕ್ಕೆ ಗ್ರೀಕಿನಲ್ಲಿ ‘ಪ್ತೋಖೊಸ್’ ಎಂದಿದೆ. ದುಡಿದು ಹೇಗೋ ಹೊಟ್ಟೆ ಹೊರೆಯುವ ಬಡವನಿಗೆ ‘ಪೆನೆಸ್’ ಎಂಬ ಬೇರೆ ಮಾತಿತ್ತು. ‘ಪ್ತೋಖೊಸ್’ ಏನೂ ಇಲ್ಲದೆ ಕೈ ಚಾಚಿ ಕೂತವನು. ಹಾಗಾಗಿ ಆ ವಾರ ಪ್ರತಿ ಮನೆಯವರೂ ಇನ್ನೊಂದು ಮನೆಯವರನ್ನು ನಿಜವಾಗಿ ಬೇಕಾದ ಒಂದು ಸಹಾಯ ಕೇಳಬೇಕು. ಕೊಡುವುದು ಬೇಡ, ಕೇಳುವುದು. ಏಣಿ, ಒಂದು ದಿನದ ಅಡಿಕೆ ಸುಲಿತಕ್ಕೆ ಕೈ, ಆಸ್ಪತ್ರೆಗೆ ಜೊತೆ, ಬ್ಯಾಂಕಿನ ಅರ್ಜಿ ತುಂಬಿಸಿಕೊಡುವುದು. ನಿಯಮ ಎರಡು: ಸುಮ್ಮನೆ ಲೆಕ್ಕಕ್ಕೆಂದು ಸಕ್ಕರೆ ಕೇಳಬಾರದು, ಪಡೆದದ್ದಕ್ಕೆ ಅದೇ ವಾರ ಹಿಂದಿರುಗಿಸಿ ಋಣ ತೀರಿಸಬಾರದು. ಎರಡನೆಯದು ಬಹಳ ಚುಚ್ಚುತ್ತದೆ. ‘ಯಾರ ಹಂಗೂ ಬೇಡ’ ಎಂದು ಬದುಕಿದವರಿಗೆ ದೇವರ ಕೃಪೆಯೂ ಒಂದು ಹಂಗಿನಂತೆಯೇ ಕಾಣುತ್ತದೆ. ತೀರಿಸಲಾಗದ್ದನ್ನು ಸುಮ್ಮನೆ ಪಡೆದುಕೊಳ್ಳಲು ಅಭ್ಯಾಸ ಬೇಕು.

ಅರಣ್ಯದಲ್ಲಿ ದೇವರು ಇಸ್ರಾಯೇಲರಿಗೆ ದಿನದಿನ ಕೊಟ್ಟ ಆಹಾರವಾದ ಮನ್ನದ ಪಾಠವನ್ನೂ ಇದಕ್ಕೆ ಸೇರಿಸಬಹುದು. ವಿಮೋಚನಕಾಂಡ 16ರಲ್ಲಿ ಒಬ್ಬರಿಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಅಳತೆ. ಬೆಳಗಿನವರೆಗೆ ಇಟ್ಟುಕೊಂಡದ್ದು ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ಓಮೆರ್, ಅದು ಕೆಡಲಿಲ್ಲ. ಯೋಸೇಫನ ಕಣಜ ಒಂದು ಕಡೆ, ಹುಳ ಬಿದ್ದ ಮನ್ನ ಇನ್ನೊಂದು ಕಡೆ. ಇವುಗಳ ನಡುವೆ ಗೊಂದಲ ಬರುತ್ತದೆ, ಪ್ರಶ್ನೆ ಕೇಳೇ ಕೇಳುತ್ತಾರೆ. ಎರಡು ಕಡೆಯೂ ಹೇಳಿದವನು ದೇವರೇ. ಕೂಡಿಡು ಎಂದಾಗ ಕೂಡಿಟ್ಟವನೂ, ಇಡಬೇಡ ಎಂದಾಗ ಇಡದವನೂ ಕಿವಿಗೊಟ್ಟವರು.

ಕಾಲು ತೊಳೆಯುವುದು. ಪವಿತ್ರ ಗುರುವಾರದ ಬಲಿಪೂಜೆಯಲ್ಲಿ ಗುರುಗಳು ಮಾಡುವುದು ಆರಾಧನೆಯ ಭಾಗ, ಅದಕ್ಕೆ ನಿಮ್ಮಲ್ಲಿ ನಿಯಮವಿದೆ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಅದರಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬಹುದೆಂದು ತಿದ್ದುಪಡಿ ತಂದರು. ಮನೆಯ ಕೂಟದಲ್ಲಿ ಮಾಡುವುದು ಭಕ್ತಿಯ ಅಭ್ಯಾಸ, ಆದರೂ ಮೊದಲು ನಿಮ್ಮ ಗುರುಗಳನ್ನು ಕೇಳಿ. ಮಾಡುವಾಗ ಇವು ನೆನಪಿರಲಿ. ಒಂದು ವಾರ ಮುಂಚೆ ತಿಳಿಸಿ. ದಿಢೀರ್ ಎಂದು ಬೋಗುಣಿ ತಂದಿಟ್ಟರೆ ಬಿರಿದ ಹಿಮ್ಮಡಿ, ಕೆಸರುಗಾಲು ಎಂದು ಜನ ಮುದುಡುತ್ತಾರೆ. ಬಿಸಿನೀರು ಬೆರೆಸಿದ ಉಗುರುಬೆಚ್ಚಗಿನ ನೀರು, ಒಬ್ಬೊಬ್ಬರಿಗೆ ಒಂದು ಚೊಂಬು ಸಾಕು, ತೊಳೆದ ನೀರು ಪ್ರತಿ ಸಲ ಚೆಲ್ಲಬೇಕು. ಒಬ್ಬರಿಗೆ ಒಂದು ಒಣ ಟವೆಲ್. ಒಂದೇ ಟವೆಲ್ ಎಲ್ಲರಿಗೂ ಬಳಸಿದರೆ ಕಾಲಿನ ಹುಳುಕಡ್ಡಿ ಹರಡುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಲ್ಲಿ ಗಾಯ ಇರುವವರಿಗೆ ಕೈ ತೊಳೆದರೂ ಆಯಿತು. ಹೆಂಗಸರು ಹೆಂಗಸರಿಗೆ, ಗಂಡಸರು ಗಂಡಸರಿಗೆ, ಮನೆಯೊಳಗೆ ಗಂಡ ಹೆಂಡತಿಗೆ. ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ಸಿಗಂತೂ ಬೇಡವೇ ಬೇಡ. ತೊಳೆಯುವವರು ಸುಲಭವಾಗಿ ಸಿಗುತ್ತಾರೆ. ಕಾಲು ಕೊಡಲು ಒಪ್ಪುವವರು ಸಿಗುವುದಿಲ್ಲ, ಪೇತ್ರನೇ ಯೋಹಾನ 13:8ರಲ್ಲಿ ಒಪ್ಪಲಿಲ್ಲ. ಆದ್ದರಿಂದ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸೇವೆ ಮಾಡುವವರನ್ನು ಮೊದಲು ಕುರ್ಚಿಯ ಮೇಲೆ ಕೂರಿಸಿ.

ಬಳ್ಳಿ_ಕೊಂಬೆ, ತೀರ್ಥಹಳ್ಳಿ

ನೆಹೆಮೀಯ ಅಣ್ಣ ಹೇಳಿದ ತಿದ್ದುಪಡಿ ಸರಿ, ಎಡಗಡೆಯ ಪಟ್ಟಿಗೂ ಪ್ರಾರ್ಥನೆ ಸೇರಿಸಿ, ಅಕ್ಕ.

ಸಾಕ್ಷಿ ಹೇಳುವ ಸಮಯ ಇಟ್ಟರೆ ಒಬ್ಬರಿಗೆ ಎರಡೇ ನಿಮಿಷ ಕೊಡಿ, ಮತ್ತು ‘ಈ ವಾರ ನನಗೆ ಯಾರು ಸಹಾಯ ಮಾಡಿದರು’ ಎಂಬುದನ್ನು ಮಾತ್ರ ಕೇಳಿ. ‘ನಾನು ಹೇಗೆ ತಗ್ಗಿದೆ’ ಎಂದು ಕೇಳಿದರೆ ಲೂಕ 18ರ ಫರಿಸಾಯನ ‘ನಾನು ಉಳಿದವರಂತಲ್ಲ’ ಎಂಬ ಪ್ರಾರ್ಥನೆಯೇ ಹನ್ನೆರಡು ಮನೆಯಿಂದ ಹೊರಡುತ್ತದೆ. ಇನ್ನು ಕೀರ್ತನೆ 131ನ್ನು ಹುಡುಕುವಾಗ ಯಾರ ಕೈಯಲ್ಲಾದರೂ ಲತೀನ್ ಎಣಿಕೆಯ ಹಳೆಯ ಪ್ರಾರ್ಥನಾ ಪುಸ್ತಕ ಇದ್ದರೆ ಅದರಲ್ಲಿ 130 ಎಂದಿರುತ್ತದೆ. ಮೊಲೆ ಬಿಟ್ಟ ಕೂಸು ಇರುವುದನ್ನು ನೋಡಿಕೊಂಡು ಓದಿಸಿ.